ಕತ್ತರಿಸಿ ತೆಗೆದ ‘ಭಲೇ’

ರಘೋತ್ತಮ ಅಣ್ಣಿಗೇರಿಗೆ ಕೆಮ್ಮಿನ ಮೇಲೆ ಇದ್ದಷ್ಟು ಸಿಟ್ಟು ಕಳ್ಳರ ಮೇಲೂ ಇರಲಿಲ್ಲ. ಬ್ಯಾಂಕಿನಲ್ಲಿ ಯಾರು ಬಂದು ಎಷ್ಟು ಕೂಗಾಡಿದರೂ ಚಹಾ ತರಿಸಿ ಸಮಾಧಾನ ಹೇಳುತ್ತಿದ್ದ ಮನುಷ್ಯ ಅವನು. ಅದೇ ಸಂಗೀತ ಕಚೇರಿಯಲ್ಲಿ ಹಿಂದಿನ ಸಾಲಿನಿಂದ ಒಂದು ಕೆಮ್ಮು ಕೇಳಿಸಲಿ, ತಿರುಗಿ ನೋಡಿದನೆಂದರೆ ಕೆಮ್ಮಿದವನು ಉಳಿದ ಕೆಮ್ಮನ್ನು ನುಂಗಿಕೊಂಡು ಮನೆಗೆ ಒಯ್ಯಬೇಕು, ಹಾಗೆ ನೋಡುತ್ತಿದ್ದ. ಮಕ್ಕಳನ್ನು ಕರೆತಂದವರು ಅವನಿಂದ ದೂರ ಕೂರುತ್ತಿದ್ದರು. ಗಾಜಿನ ಬಳೆ ತೊಟ್ಟವರೂ ಅಷ್ಟೆ.

ಇದಕ್ಕೆಲ್ಲ ಕಾರಣ ಅಂಗೈಯಷ್ಟೇ ಅಗಲದ ಒಂದು ಡಿಜಿಟಲ್ ರೆಕಾರ್ಡರು. ನಾಶಿಕದ ಶಾಖೆಗೆ ವರ್ಗವಾಗಿ ಬಂದ ಮರುವರ್ಷ, ಅಂದರೆ 2007ರಲ್ಲಿ, ಮುಂಬೈಗೆ ಹೋದಾಗ ಕೊಂಡು ತಂದಿದ್ದ. ತಲೆಯ ಮೇಲೆ ಎರಡು ಪುಟ್ಟ ಮೈಕು, ಎದೆಯ ಮೇಲೆ ಕೆಂಪು ದೀಪ. ಅದನ್ನು ಮೂರು ಕಾಲಿನ ಚಿಕ್ಕ ಸ್ಟ್ಯಾಂಡಿಗೆ ಸಿಕ್ಕಿಸಿ, ಗಾಳಿಯ ಸದ್ದು ಬೀಳದಂತೆ ತುಪ್ಪಳದ ಟೊಪ್ಪಿಗೆ ಹಾಕಿ, ಸ್ಟ್ಯಾಂಡಿನ ಕೆಳಗೆ ಮಡಿಸಿದ ಕರವಸ್ತ್ರ ಇಟ್ಟು, ಹಾಡುಗಾರರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರೆ ಆ ಮೇಲೆ ರಘೋತ್ತಮ ಯಾರಿಗೂ ಗಂಡನಲ್ಲ, ಯಾರಿಗೂ ಅಪ್ಪನಲ್ಲ. ಕದ್ದು ಮಾಡುವ ಕೆಲಸವೇನಲ್ಲ. ಹಾಡುಗಾರರನ್ನು ಮೊದಲೇ ಕೇಳಿ, ಕಾಲು ಮುಟ್ಟಿ, ಒಪ್ಪಿಗೆ ಪಡೆದೇ ಗುಂಡಿ ಒತ್ತುತ್ತಿದ್ದ. ನಾಶಿಕದ ಸಂಗೀತದ ಮಂದಿ ಅವನನ್ನು ‘ರೆಕಾರ್ಡಿಂಗ್‌ವಾಲೇ ಅಣ್ಣಿಗೇರಿ ಸಾಹೇಬ’ ಎನ್ನುತ್ತಿದ್ದರು. ಕರೆಯುವಾಗ ಸ್ವಲ್ಪ ನಗುತ್ತಿದ್ದರು ಕೂಡ. ಆ ನಗು ಅವನ ಗಮನಕ್ಕೆ ಬಂದಿರಲಿಲ್ಲ.

ನಿಜವಾದ ಕೆಲಸ ಶುರುವಾಗುತ್ತಿದ್ದುದು ಮನೆಗೆ ಬಂದ ಮೇಲೆ. ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಕಿವಿಗೆ ಹೆಡ್‌ಫೋನು ಏರಿಸಿ, ಪರದೆಯ ಮೇಲೆ ಅಲೆಅಲೆಯಾಗಿ ಕಾಣುವ ಸದ್ದನ್ನು ಅಂಗುಲ ಅಂಗುಲವಾಗಿ ಶುದ್ಧ ಮಾಡುತ್ತಿದ್ದ. ಅಕ್ಕಿ ಆರಿಸುವವರು ಕಲ್ಲು ಹೆಕ್ಕಿ ಎಸೆಯುವ ಹಾಗೆ ಕೆಮ್ಮು, ಚಪ್ಪಾಳೆ, ಮಗುವಿನ ಅಳು, ಮೊಬೈಲಿನ ರಿಂಗು, ತಂಬೂರಿ ಶ್ರುತಿ ಮಾಡುವ ಹೊತ್ತು, ಹಾಡುಗಾರರು ನೀರು ಕೇಳಿದ್ದು, ಎಲ್ಲವನ್ನೂ ತೆಗೆದು ಹಾಕುತ್ತಿದ್ದ. ತೆಗೆದ ಜಾಗದಲ್ಲಿ ತಗ್ಗು ಬೀಳಬಾರದಲ್ಲ, ಅದಕ್ಕೆ ಅದೇ ಹಾಡಿನ ಬೇರೊಂದು ಕಡೆಯಿಂದ ತಂಬೂರಿಯನ್ನೋ ತಬಲಾದ ಒಂದು ಸುತ್ತನ್ನೋ ತಂದು ತೇಪೆ ಹಾಕುತ್ತಿದ್ದ. ಆ ತೇಪೆ ಯಾರಿಗೂ ತಿಳಿಯುತ್ತಿರಲಿಲ್ಲ. ಶುದ್ಧವಾದ ಮೇಲೆ ಮೂಲವನ್ನು ಅಳಿಸಿಬಿಡುತ್ತಿದ್ದ. ಹಾರ್ಡ್ ಡಿಸ್ಕಿನಲ್ಲಿ ಕಸ ಇಟ್ಟುಕೊಂಡು ಏನು ಮಾಡುವುದು ಎಂಬುದು ಅವನ ಮಾತು. ಅವನಿಂದ ಪ್ರತಿ ಪಡೆದವರು, ಖಾಲಿ ಗುಡಿಯಲ್ಲಿ ಹಾಡಿದಂತಿದೆ ಸಾಹೇಬ, ಎಂದು ಹೊಗಳುತ್ತಿದ್ದರು. ಹಾಡುಗಾರರು ಖಾಲಿ ಗುಡಿಯಲ್ಲಿ ಹಾಡಿರಲಿಲ್ಲ, ಎದುರಿಗೆ ಜನ ಇದ್ದರು ಎಂಬುದನ್ನು ಯಾರೂ ಎತ್ತಿ ಹೇಳಲಿಲ್ಲ.

ಹೇಳಿದವಳು ಒಬ್ಬಳೇ, ಅವನ ಹೆಂಡತಿ ಗೋದಾವರಿ. “ಹಾಡೋರು ಗ್ವಾಡಿಗೆ ಹಾಡ್ತಾರೇನ್ರಿ? ಮಂದಿ ಇದ್ರು ಅನ್ನೋದು ಗೊತ್ತಾಗಬಾರದೇನು?” ಎಂದು ಕೇಳಿದ್ದಳು.

ಗೋದಾವರಿ ಧಾರವಾಡದವಳು. ಅಲ್ಲಿನ ಒಬ್ಬ ಶಾಲಾ ಮಾಸ್ತರರ ಮಗಳು. ಮಾಸ್ತರರಿಗೆ ಹಾಡಲು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮನೆಮನೆಯ ಹಾಡಿನ ಬೈಠಕ್ಕುಗಳಿಗೆ ಹೋಗುತ್ತಿದ್ದರು. ತಬಲಾ ತನ್ನ ಒಂದು ಸುತ್ತು ಮುಗಿಸಿ ಮತ್ತೆ ಮೊದಲ ಪೆಟ್ಟಿಗೆ ಬರುವ ಜಾಗಕ್ಕೆ ಸಮ್ ಎನ್ನುತ್ತಾರೆ. ಹಾಡುಗಾರ ಎಲ್ಲೆಲ್ಲೋ ಅಲೆದಾಡಿ, ಇನ್ನೇನು ದಾರಿ ತಪ್ಪಿದ ಎನ್ನುವಾಗ, ಸರಿಯಾಗಿ ಆ ಪೆಟ್ಟಿಗೇ ಬಂದು ಕೂಡಿಕೊಳ್ಳುತ್ತಾನೆ. ಆಗ ಮಾಸ್ತರರ ಬಾಯಿಂದ ‘ಭಲೇ ನನ್ನಪ್ಪಾ!’ ಎಂದು ಬರುತ್ತಿತ್ತು. “ಅವರು ಕೊಟ್ಟಾಗ ಮುಟ್ಟಿತು ಅಂತ ಹೇಳಬೇಕವ್ವಾ, ಸುಮ್ಮನ ಕೂತ್ರ ಅವರಿಗೆ ಹ್ಯಾಂಗ ತಿಳೀಬೇಕು?” ಎಂದು ಮಗಳಿಗೆ ಕಲಿಸಿದ್ದರು. ಮಗಳು ಆ ‘ಭಲೇ ನನ್ನಪ್ಪಾ’ವನ್ನು ಅಪ್ಪನ ದನಿಯ ಏರಿಳಿತದ ಸಮೇತ ಎತ್ತಿಕೊಂಡು ಬಂದಿದ್ದಳು. ಆಡುವ ಮಾತು ಮೆತ್ತಗಿದ್ದರೂ ಈ ಎರಡು ಪದಕ್ಕೆ ಮಾತ್ರ ಅವಳ ದನಿ ತುಂಬಿಕೊಳ್ಳುತ್ತಿತ್ತು.

ನಾಶಿಕಕ್ಕೆ ಬಂದ ಹೊಸದರಲ್ಲಿ ದೀಪಾವಳಿ ಪಾಡ್ಯದ ನಸುಕಿನಲ್ಲಿ ನದಿಯ ದಂಡೆಯ ಕಡೆ ಒಂದು ಕಚೇರಿ. ಎಣ್ಣೆಸ್ನಾನ ಮಾಡಿ, ಹೊಸ ಬಟ್ಟೆ ಉಟ್ಟು, ಜನ ಕತ್ತಲಿದ್ದಾಗಲೇ ಬಂದು ಜಮಖಾನೆಯ ಮೇಲೆ ಕೂತಿದ್ದರು. ಹಾಡಿದವರು ನರಹರಿಬುವಾ ಎಂಬ ವಯಸ್ಸಾದ ಗವಾಯಿ. ಬುವಾ ಸಮ್‌ಗೆ ಬಂದಾಗ ಹೆಂಗಸರ ಸಾಲಿನಿಂದ ‘ಭಲೇ ನನ್ನಪ್ಪಾ!’ ಎಂದು ಕೇಳಿಸಿತು. ಮರಾಠಿಯ ‘ವ್ಹಾ ವ್ಹಾ’ಗಳ ನಡುವೆ ಕನ್ನಡದ ಭಲೇ. ಬುವಾ ಹಾಡು ನಿಲ್ಲಿಸದೆಯೇ ಕಣ್ಣು ತೆರೆದು ಆ ಕಡೆ ನೋಡಿ ನಕ್ಕರು. ಮುಂದಿನ ತಾನವನ್ನು ಅವಳ ಕಡೆಗೇ ಹಾಡಿದರು. ಅಲ್ಲಿಂದ ಮುಂದೆ ನಾಶಿಕದಲ್ಲಿ ಎಲ್ಲೇ ಹಾಡಲಿ, ಕೂತ ಕೂಡಲೇ ಬುವಾ ಕೇಳುತ್ತಿದ್ದುದು ಒಂದೇ, ಕಾನಡಿ ವಹಿನಿ, ಅಂದರೆ ಕನ್ನಡದ ಅತ್ತಿಗೆ, ಬಂದಿದ್ದಾರೆಯೇ ಎಂದು.

ರಘೋತ್ತಮನಿಗೆ ಆಗ ಇದು ಹೆಮ್ಮೆಯ ವಿಷಯವೇ ಆಗಿತ್ತು. ರೆಕಾರ್ಡರು ಮನೆಗೆ ಬರುವ ತನಕ.

ಮೊದಲ ಸಲ ರೆಕಾರ್ಡು ಮಾಡಿ ಮನೆಗೆ ತಂದು ಕೇಳಿದಾಗ ಪ್ರತಿ ಸಮ್‌ನ ಮೇಲೂ ಹೆಂಡತಿ ಕೂತಿದ್ದಳು. ಬುವಾರ ಷಡ್ಜದ ಮೇಲೆ, ತಬಲಾದ ಪೆಟ್ಟಿನ ಮೇಲೆ, ‘ಭಲೇ ನನ್ನಪ್ಪಾ’. ಅವನು ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಕುಕ್ಕಿದ.

“ಎಲ್ಲಾ ಕೆಡಿಸಿಟ್ಟೀಯಲ್ಲ ಗೋದಾ! ನಿನ್ನ ಭಲೇ ಕೇಳಲಿಕ್ಕೆ ಯಾರು ಕೂತಾರ?”

“ಬಾಯಿಗೆ ಬಂದುಬಿಡ್ತದರಿ, ನಾ ಏನ್ ಬೇಕಂತ ಮಾಡ್ತೀನೇನು?”

“ಬಂದ್ರ ತಡಕೋಬೇಕು.”

ತಡೆದುಕೊಳ್ಳುವುದನ್ನು ಅವನೇ ಕಲಿಸಿದ. ಮೊದಮೊದಲು ಹೆಂಗಸರ ಸಾಲಿನ ಕೊನೆಗೆ ಕೂರಿಸಿದ. ಅಲ್ಲಿಂದಲೂ ಆ ದನಿ ಮೈಕಿಗೆ ನೆಟ್ಟಗೆ ಬರುತ್ತಿತ್ತು. ಆಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳತೊಡಗಿದ. ಜೋಡಿಯಾಗಿ ಕೂತಿದ್ದಾರೆ ಎಂದು ಜನ ಮೆಚ್ಚಿಕೊಂಡರು. ಅವನು ಕೂರಿಸಿಕೊಂಡಿದ್ದುದು ಕಾವಲಿಗೆ. ಸಮ್ ಬರುವ ಹೊತ್ತಿಗೆ ಮೊಣಕೈಯಿಂದ ತಿವಿಯುತ್ತಿದ್ದ, ಇಲ್ಲವೇ ‘ಶ್’ ಎನ್ನುತ್ತಿದ್ದ. ರಾಗದ ತಿಳಿವಳಿಕೆ ಅವನಿಗೂ ಇತ್ತು ನೋಡಿ, ಸಮ್ ಎಲ್ಲಿ ಬೀಳುತ್ತದೆಂದು ಅವಳಷ್ಟೇ ಖಚಿತವಾಗಿ ಅವನಿಗೂ ಗೊತ್ತಿತ್ತು. ಕೊನೆಗೆ ಗೋದಾವರಿಯೇ ಒಂದು ಉಪಾಯ ಕಂಡುಕೊಂಡಳು. ಸಮ್ ಹತ್ತಿರ ಬರುತ್ತಿದ್ದಂತೆ ಸೆರಗಿನ ಚುಂಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಕಣ್ಣು ತುಂಬಿ ಬರುತ್ತಿತ್ತು, ದನಿ ಬರುತ್ತಿರಲಿಲ್ಲ.

“ಈಗ ಕಲತೆ ನೋಡು,” ಎಂದು ರಘೋತ್ತಮ ಖುಷಿಪಟ್ಟ. ಆ ದಿನ ಹಾದಿಯಲ್ಲಿ ಅವಳಿಗೆ ಕಬ್ಬಿನ ಹಾಲನ್ನೂ ಕುಡಿಸಿದ. ಅವಳು ಕುಡಿದಳು. ಅವಳಿಗೆ ಸಿಟ್ಟು ಬರಲಿಲ್ಲವೇ ಎಂದರೆ, ಬಂದಿರಬೇಕು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಗಸಿನ ಸಿಟ್ಟು ಎಲ್ಲಿ ಹೋಗಿ ಸೇರುತ್ತದೆ ಎಂದು ಯಾರು ಹುಡುಕಿದ್ದಾರೆ?

ಔರಂಗಾಬಾದಿಗೆ ವರ್ಗವಾಯಿತು. ಊರಿನ ಅರ್ಧ ಜನ ಅದನ್ನು ಆಗಲೇ ಸಂಭಾಜಿನಗರ ಎನ್ನುತ್ತಿದ್ದರು. ಮರಾಠಿ ಶಾಲೆಗಳಲ್ಲೇ ಓದಿ ಬೆಳೆದ ಮಗಳು ಸಮೀಕ್ಷಾಗೆ ಊರ ಹೊರಗಿನ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಗೋದಾವರಿ ಕಚೇರಿಗಳಿಗೆ ಬರುವುದನ್ನು ಕಡಿಮೆ ಮಾಡಿದಳು, ಮಂಡಿ ನೋವು ಎಂದಳು. ರಘೋತ್ತಮ ಒತ್ತಾಯ ಮಾಡಲಿಲ್ಲ. ಒಬ್ಬನೇ ಹೋದರೆ ಎರಡೂ ಕಣ್ಣು ರೆಕಾರ್ಡರಿನ ಮೇಲೆ ಇಡಬಹುದಿತ್ತು.

2012ರ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಗೋದಾವರಿ ಕುಸಿದುಬಿದ್ದಳು. ಲಕ್ವಾ. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕಾಲಿಗೆ ಅಷ್ಟಿಷ್ಟು ಜೀವ ಬಂತು. ಮಾತಿಗೆ ಬರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು. ನೀರು ಬೇಕೇ ಎಂದರೆ ತಲೆ ಆಡಿಸುತ್ತಿದ್ದಳು. ಬಾಯಿ ತೆರೆದರೆ ಮಾತ್ರ ಏನೂ ಬರುತ್ತಿರಲಿಲ್ಲ. ಕೆಲವು ದಿನ ಪ್ರಯತ್ನಪಟ್ಟಳು. ಆಮೇಲೆ ಬಾಯಿ ತೆರೆಯುವುದನ್ನೇ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು.

ಮಾತು ಕಲಿಸಲು ಬಂದವಳು ಶ್ರೀಜಾ. ಸ್ಟೇಷನ್ ರಸ್ತೆಯಲ್ಲಿ ಉಪಾಹಾರ ಗೃಹ ನಡೆಸುವ ಉಡುಪಿ ಕಡೆಯ ಉಮಾನಾಥರ ಮಗಳು, ಈ ವಿದ್ಯೆಯನ್ನು ಮಂಗಳೂರಿನಲ್ಲಿ ಓದಿ ಬಂದಿದ್ದಳು. ಊರಿನಲ್ಲಿ ಕನ್ನಡದಲ್ಲಿ ಈ ಕೆಲಸ ಮಾಡುವವಳು ಅವಳೊಬ್ಬಳೇ. ವಾರಕ್ಕೆರಡು ಸಲ ಬಂದು ಗೋದಾವರಿಯ ಎದುರು ಕೂತು ಚಿತ್ರ ತೋರಿಸುತ್ತಿದ್ದಳು, ಹೆಸರು ಹೇಳಿಸಲು ನೋಡುತ್ತಿದ್ದಳು. ಗೋದಾವರಿ ಅವಳ ಕೈ ತಟ್ಟಿ, ಸಾಕು ಎಂಬಂತೆ ಕಣ್ಣು ಮುಚ್ಚುತ್ತಿದ್ದಳು.

ಒಂದು ದಿನ ಶ್ರೀಜಾ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹೇಳಿದಳು.

“ಅಂಕಲ್, ಆಂಟಿ ಮನಸ್ಸೇ ಬಿಟ್ಟಿದ್ದಾರೆ. ಈ ಶುರುವಿನ ತಿಂಗಳುಗಳೇ ಮುಖ್ಯ. ಈಗ ಬಾಯಿ ತೆರೀದಿದ್ರೆ ಆಮೇಲೆ ಕಷ್ಟ ಉಂಟು. ಯೋಚನೆ ಮಾಡಿ ಆಡುವ ಮಾತು ಹೋದವರಿಗೂ ರೂಢಿಯಲ್ಲಿ ತಾನಾಗಿ ಬರ್ತಿದ್ದ ಮಾತು ಕೆಲವೊಮ್ಮೆ ಉಳಿದಿರ್ತದೆ. ದೇವರ ಹೆಸರು, ಬೈಗುಳ, ಹಾಡು, ಅಂಥದ್ದು. ಅವರಿಗೆ ಹಾಗೆ ಬಾಯಿಗೆ ಬರ್ತಿದ್ದದ್ದು ಏನಾದ್ರೂ ಇತ್ತಾ?”

ಒಳಗಿನಿಂದ ಸಮೀಕ್ಷಾಳೇ ಉತ್ತರ ಕೊಟ್ಟಳು. “ಭಲೇ ನನ್ನಪ್ಪಾ. ಆಯಿ ಗಾಣಂ... ಹಾಡು ಕೇಳುವಾಗ ಯಾವಾಗ್ಲೂ ಹಂಗs ಅಂತಿದ್ಲು.”

“ಹೌದಾ? ಹಾಗಾದ್ರೆ ಒಳ್ಳೇದೇ ಆಯ್ತು. ಅವರದ್ದೇ ಸ್ವರದಲ್ಲಿ ಅದು ರೆಕಾರ್ಡ್ ಆಗಿ ಉಂಟಾ? ಅವರಿಗೆ ಅವರದ್ದೇ ಸ್ವರ ಕೇಳಿಸಬೇಕು. ನಿಮ್ಮತ್ರ ಎಷ್ಟೋ ರೆಕಾರ್ಡಿಂಗ್ ಉಂಟಂತೆ, ಅಪ್ಪ ಹೇಳ್ತಿದ್ರು.”

“ಇರತದ, ಇರತದ,” ಎಂದ ರಘೋತ್ತಮ. “ನಾಳಿಗೇ ತಗದಿಡ್ತೀನಿ.”

ಆ ಸಂಜೆಯೇ ಹೆಡ್‌ಫೋನು ಏರಿಸಿ ಕೂತ. ಐದು ವರ್ಷದ ಕಚೇರಿಗಳು ಹಾರ್ಡ್ ಡಿಸ್ಕಿನಲ್ಲಿ ರಾಗದ ಹೆಸರು ಹೊತ್ತು ಸಾಲಾಗಿ ಕೂತಿದ್ದವು. ನರಹರಿಬುವಾ ಮುಂದೊಂದು ವರ್ಷದ ಪಾಡ್ಯಕ್ಕೆ ಹಾಡಿದ ಭಟಿಯಾರ ತೆರೆದ. ಸಮ್ ಬಂತು. ತಬಲಾ ಮುಂದೆ ನಡೆಯಿತು, ತಂಬೂರಿ ಹರಿಯಿತು. ಗೋದಾವರಿ ಇರಲಿಲ್ಲ. ತೋಡಿ ತೆರೆದ. ಅಲ್ಲೂ ಇರಲಿಲ್ಲ. ತಾನು ಎಲ್ಲಿ ತೇಪೆ ಹಾಕಿದ್ದೆ ಎಂಬುದಾದರೂ ಸಿಕ್ಕೀತೆಂದು ಪರದೆಯ ಅಲೆಗಳನ್ನು ದೊಡ್ಡದು ಮಾಡಿ ನೋಡಿದ. ಹೊಲಿಗೆ ಅಷ್ಟು ಚೆನ್ನಾಗಿತ್ತು, ಹೊಲಿದವನಿಗೇ ಸಿಗಲಿಲ್ಲ. ಒಂದು ವಾರ ಬ್ಯಾಂಕಿನಿಂದ ಬಂದವನು ನೇರ ಅದರ ಮುಂದೆಯೇ ಕೂತ. ಎಲ್ಲೂ ಒಂದು ಕೆಮ್ಮಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ರಘೋತ್ತಮನಿಗೆ ಒಂದು ಕೆಮ್ಮು ಕೇಳಬೇಕೆನ್ನಿಸಿತು. ಒಂದು ಕೆಮ್ಮು ಉಳಿದಿದ್ದರೆ ಅದರ ಪಕ್ಕದಲ್ಲಿ ಅವಳೂ ಉಳಿದಿರಬಹುದಿತ್ತು.

“ನಿನ್ನ ಮೊಬೈಲಿನ್ಯಾಗ ಅವ್ವನ ವಿಡಿಯೊ ಇಲ್ಲೇನು?” ಎಂದು ಮಗಳನ್ನು ಕೇಳಿದ.

ಸಮೀಕ್ಷಾ ಮೊಬೈಲು ತೆರೆದು ಅವನ ಮುಖದ ಮುಂದೆ ಹಿಡಿದಳು. ದೀಪಾವಳಿಯ ವಿಡಿಯೊ. ಗೋದಾವರಿ ಚಕ್ಕುಲಿ ಕರಿಯುತ್ತಿದ್ದಾಳೆ. ಮೊಬೈಲು ತನ್ನ ಕಡೆ ತಿರುಗಿದ್ದು ಕಂಡ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡು, ಕೈಯಾಡಿಸಿ ಬೇಡ ಬೇಡ ಎನ್ನುತ್ತಾಳೆ. ಎಣ್ಣೆಯ ಚುರುಚುರು ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಮತ್ತೊಂದು ವಿಡಿಯೊ, ಪೈಠಣಕ್ಕೆ ಹೋದಾಗಿನದು. ಅಲ್ಲೂ ಹಾಗೆಯೇ, ಸೆರಗು ಬಾಯಿಗೆ.

“ಮಷೀನ್ ಕಂಡ್ರ ಸಾಕು ಬಾಯಿ ಮುಚ್ಚತಿದ್ಲು,” ಎಂದಳು ಸಮೀಕ್ಷಾ. ಅವಳ ಕನ್ನಡ ಸಿಟ್ಟಿನಲ್ಲಿ ಇನ್ನೂ ತಡವರಿಸುತ್ತಿತ್ತು. “ನೀವು ಶಿಕವಲಂ ತಿಲಾ. ನೀವು ಕಲಿಸಿದ್ರಿ ಬಾಬಾ.”

ಅವನು ಎದ್ದು ಹೋಗಿ ಕಂಪ್ಯೂಟರ್ ಆರಿಸಿದ.

ಆಗ ನೆನಪಿಗೆ ಬಂದವನು ವೈಜನಾಥ. ನಾಶಿಕದ ಹತ್ತಿರದ ನಿಫಾಡದ ದ್ರಾಕ್ಷಿ ತೋಟದವನು, ಸಂಗೀತದ ಹುಚ್ಚಿನವನು. ತಾಯಿ ಅಕ್ಕಲಕೋಟೆಯವಳಾದ್ದರಿಂದ ಒಂದಿಷ್ಟು ಕನ್ನಡ ಮಾತಾಡುತ್ತಿದ್ದ. ಹಿಂದೊಮ್ಮೆ ಅವನ ಮನೆಯ ಪಡಸಾಲೆಯಲ್ಲಿ ನರಹರಿಬುವಾರ ಬೈಠಕ್ಕು ನಡೆದಿತ್ತು. ಹಾಡು ಮುಗಿದ ಕೂಡಲೇ ವೈಜನಾಥ ಹಟ ಹಿಡಿದು, ನಿಮ್ಮ ಸಾಫ್‌ಸಫಾಯಿಗೆ ಕಾಯೋದಿಲ್ಲ ಸಾಹೇಬ ಎಂದು, ರೆಕಾರ್ಡರಿನ ಕಾರ್ಡಿನಿಂದ ಹಸಿ ಪ್ರತಿಯನ್ನೇ ತನ್ನ ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದ. ರಘೋತ್ತಮ ಅವತ್ತು ಮುಖ ಗಂಟುಹಾಕಿಕೊಂಡೇ ಕೊಟ್ಟಿದ್ದ. ಈಗ ಫೋನು ಮಾಡಿದ.

“ಆಹೇ ನಾ! ಐತಿ, ಐತಿ,” ಎಂದ ವೈಜನಾಥ. “ನಾನು ಕೇಳ್ತಾ ಇರ್ತೀನಿ. ಅದರಲ್ಲಿ ವಹಿನಿ ಕೂಡಾ ಇದ್ದಾರೆ.”

ರಘೋತ್ತಮ ಫೋನು ಇಟ್ಟು, ಒಳಗೆ ಹೋಗಿ ಗೋಡೆಯ ಕಡೆ ತಿರುಗಿದ್ದ ಹೆಂಡತಿಯ ಭುಜ ಮುಟ್ಟಿ, “ನಿನ್ನ ಧ್ವನಿ ಸಿಕ್ಕದ ಗೋದಾ, ತರ್ತೀನಿ,” ಎಂದ. ಅವಳು ತಿರುಗಿ ನೋಡಿದಳು. ಎಷ್ಟೋ ದಿನಗಳ ಮೇಲೆ ಕಣ್ಣಿನಲ್ಲಿ ಏನೋ ಮಿನುಗಿತು. ಅದನ್ನು ಕಂಡು ಅವನಿಗೆ ಅಳು ಬಂತು.

ನಿಫಾಡದಲ್ಲಿ ದ್ರಾಕ್ಷಿ ಕೊಯ್ಲಿನ ಭರಾಟೆ. ಪಡಸಾಲೆ ತುಂಬ ಹೆಂಗಸರು ಕೂತು ಗೊಂಚಲು ತೂಗಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅಂದು ಬುವಾ ಕೂತು ಹಾಡಿದ ಜಾಗದಲ್ಲಿ ಈಗ ತಕ್ಕಡಿ ಇತ್ತು. ವೈಜನಾಥ ಅವನನ್ನು ಒಳಗಿನ ಕೋಣೆಗೆ ಕರೆದೊಯ್ದು ಹಳೆಯ ಕಂಪ್ಯೂಟರ್ ಹಚ್ಚಿದ. ರಘೋತ್ತಮ ಬ್ಯಾಗಿನಿಂದ ತನ್ನ ಹೆಡ್‌ಫೋನು ತೆಗೆದು ಕಿವಿಗೆ ಏರಿಸಿದ.

ಮೊದಲು ಬಂದದ್ದು ಚಹಾ ಕಪ್ಪಿನ ಸದ್ದು. ಯಾರದೋ ನಗು. ಹೊರಗೆ ಟ್ರ್ಯಾಕ್ಟರು. ತಂಬೂರಿ ಶ್ರುತಿ ಕೂಡುವ ಹೊತ್ತು. ಎಷ್ಟು ಜನ ಇದ್ದರು ಆ ಕೋಣೆಯಲ್ಲಿ! ಬುವಾ ಸಾರಂಗ ಶುರು ಮಾಡಿದರು. ವಿಲಂಬಿತ ಲಯ, ಒಂದೊಂದು ಸುತ್ತೂ ಉದ್ದ. ರಘೋತ್ತಮ ತೊಡೆಯ ಮೇಲೆ ಬೆರಳಲ್ಲಿ ಸುತ್ತು ಎಣಿಸಿದ. ಸಮ್ ಬಂತು.

“ಭಲೇ ನನ್—”

“ಶ್! ಸುಮ್ಮನ ಕೂಡ!”

ಎರಡೂ ಒಟ್ಟಿಗೇ. ಗೋದಾವರಿಯ ಭಲೇ ಎಲ್ಲಿ ಹುಟ್ಟಿತೋ ಅಲ್ಲೇ ಅವನ ಶ್ ಕೂಡ ಹುಟ್ಟಿತ್ತು. ಇಬ್ಬರಿಗೂ ಸಮ್ ಗೊತ್ತಿತ್ತಲ್ಲ. ಅವನು ಮೈಕಿಗೆ ಹತ್ತಿರ ಕೂತವನು, ಅವನ ದನಿಯೇ ದೊಡ್ಡದು. ಅದರ ಅಡಿಯಲ್ಲಿ ಅವಳದು ಬಾಗಿಲ ಸಂದಿಗೆ ಸಿಕ್ಕ ಬೆರಳಿನ ಹಾಗೆ ಇತ್ತು.

ಮುಂದಿನ ಸಮ್‌ಗೂ ಅದೇ. ಅದರ ಮುಂದಿನದಕ್ಕೆ ‘ಭಲೇ’ ಅರ್ಧಕ್ಕೆ ಬಂತು, ಅವನ ‘ಹುಚ್ಚೀ, ರೆಕಾರ್ಡಿಂಗ್ ನಡದದ’ ಪೂರ್ತಿ ಬಂತು. ಆಮೇಲೆ ಬರೀ ಒಂದು ಉಸಿರು, ಅದರ ಮೇಲೆ ಶ್. ಆಮೇಲಾಮೇಲೆ ಬುವಾ ಸಮ್‌ಗೆ ಬಂದಾಗ ಗಂಡಸರ ವ್ಹಾ ವ್ಹಾ ಮಾತ್ರ. ಹೆಂಗಸಿನ ದನಿ ಇಲ್ಲ. ಸೆರಗು ಬಾಯಿಗೆ ಹೋದದ್ದು ಈ ಬೈಠಕ್ಕಿನಲ್ಲೇ, ಈ ಪಡಸಾಲೆಯಲ್ಲೇ. ಅದು ಹೋದ ಘಳಿಗೆಯನ್ನು ಅವನ ಒಳ್ಳೆಯ ರೆಕಾರ್ಡರು ಚೊಕ್ಕಟವಾಗಿ ಹಿಡಿದಿಟ್ಟಿತ್ತು.

ಎರಡು ಹಾಡಿನ ನಡುವೆ ಬುವಾ ಮರಾಠಿಯಲ್ಲಿ ಕೇಳಿದ್ದು ಬಂತು. “ವಹಿನೀ ಕುಠೇ ಗೇಲ್ಯಾ?” ವಹಿನಿ ಎಲ್ಲಿ ಹೋದರು? ಜನ ನಕ್ಕರು. ಅವನದೇ ದನಿ ಉತ್ತರ ಕೊಟ್ಟಿತು. “ಅವಳ ಗಂಟಲು ಸರಿ ಇಲ್ಲ ಬುವಾ, ನೀವು ಮುಂದೆ ಹಾಡಿ.” ಗೋದಾವರಿ ಅದಕ್ಕೂ ಏನೂ ಅಂದಿರಲಿಲ್ಲ. ಪಕ್ಕದಲ್ಲೇ ಕೂತಿದ್ದಳು.

“ಸಿಕ್ತಾ? ವಹಿನಿ ಸಿಕ್ಕರಾ?” ಎಂದು ವೈಜನಾಥ ಉತ್ಸಾಹದಿಂದ ಕೇಳಿದ. ರಘೋತ್ತಮ ಹೆಡ್‌ಫೋನು ತೆಗೆದು ಹೂಂ ಎಂದ. ವೈಜನಾಥ ಮನೆಗೆಂದು ಒಂದು ಪೆಟ್ಟಿಗೆ ದ್ರಾಕ್ಷಿ ಕಾರಿಗೆ ಹಾಕಿಸಿದ. ಔರಂಗಾಬಾದಿನ ತನಕ ಕಾರಿನಲ್ಲಿ ಅದರ ವಾಸನೆ ತುಂಬಿತ್ತು.

ಮನೆಗೆ ಬಂದು, ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹೂಡಿದ. ಈ ಸಲ ತೆಗೆಯಬೇಕಾಗಿದ್ದುದು ತನ್ನ ದನಿ, ಉಳಿಸಬೇಕಾಗಿದ್ದುದು ಅವಳದು. ಶ್ ಎಂಬುದನ್ನು ತೆಳ್ಳಗೆ ಮಾಡಿದರೆ ಭಲೇಯ ಬೆನ್ನು ಮುರಿಯುತ್ತಿತ್ತು. ‘ಸುಮ್ಮನ ಕೂಡ’ ಕತ್ತರಿಸಿದರೆ ‘ನನ್ನಪ್ಪಾ’ ಜೊತೆಗೇ ಹೋಗುತ್ತಿತ್ತು. ಇಬ್ಬರನ್ನೂ ಒಟ್ಟಿಗೆ ತೆಗೆಯಬಹುದಿತ್ತು, ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಒಬ್ಬನನ್ನು ಬಿಟ್ಟು ಒಬ್ಬಳನ್ನು ಉಳಿಸುವುದು ಬರಲಿಲ್ಲ. ಇದನ್ನು ಕೇಳಿಸುವುದೇ ಬೇಡ ಎಂದುಕೊಂಡ. ಧ್ವನಿ ಸಿಕ್ಕಿದೆ ಎಂದು ಅವಳಿಗೆ ಹೇಳಿಯಾಗಿತ್ತಲ್ಲ. ಎರಡು ದಿನದಿಂದ ಅವಳು ಬಾಗಿಲ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ನಾಚಿಕೆ ಬಿಟ್ಟು ಶ್ರೀಜಾಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು, “ಪರವಾಗಿಲ್ಲ ಅಂಕಲ್, ಕೇಳಿಸುವ. ಹಾಡು ಕೇಳಿದ್ರೆ ಬಾಯಿ ತಾನಾಗಿ ತೆರೀಲಿಕ್ಕೂ ಸಾಕು. ಏನಾದ್ರೂ ಸ್ವರ ಬಂದ್ರೆ ನಿಮ್ಮ ರೆಕಾರ್ಡರಲ್ಲಿ ಹಿಡಿದಿಡಿ, ನಾನು ಆಮೇಲೆ ಕೂತು ಕೇಳ್ಬೇಕು,” ಎಂದಳು.

ಭಾನುವಾರ ಬೆಳಿಗ್ಗೆ ಗೋದಾವರಿಯನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಸಮೀಕ್ಷಾ ತಾಯಿಯ ತಲೆ ಬಾಚಿ ಹೂ ಮುಡಿಸಿದಳು. ಶ್ರೀಜಾ ಎದುರಿಗೆ ಕುರ್ಚಿ ಎಳೆದು ಕೂತಳು. ರಘೋತ್ತಮ ಮಂಚದ ಪಕ್ಕದ ಮೇಜಿನ ಮೇಲೆ ಮಡಿಸಿದ ಕರವಸ್ತ್ರ ಇಟ್ಟು, ಅದರ ಮೇಲೆ ರೆಕಾರ್ಡರು ನಿಲ್ಲಿಸಿ ಗುಂಡಿ ಒತ್ತಿದ. ಆಮೇಲೆ ಸ್ಪೀಕರಿನಲ್ಲಿ ಹಾಡು ಹಚ್ಚಿದ.

ಚಹಾ ಕಪ್ಪಿನ ಸದ್ದು ಬಂದಾಗ ಗೋದಾವರಿಯ ಮುಖ ಎಡಕ್ಕೆ ನಕ್ಕಿತು. ಅಷ್ಟೇ ಭಾಗಕ್ಕೆ ನಗಲು ಬರುತ್ತಿತ್ತು. ಬುವಾರ ದನಿ ಗುರುತಿಸಿ ತಲೆದೂಗಿದಳು. ಎಡಗೈ ತಾನಾಗಿ ಹಾಸಿಗೆಯ ಮೇಲೆ ತಾಳ ಹಾಕತೊಡಗಿತು. ಒಂದು ಪೆಟ್ಟೂ ತಪ್ಪಲಿಲ್ಲ. ಸಮೀಕ್ಷಾ ತಂದೆಯ ತೋಳು ಹಿಡಿದುಕೊಂಡಳು. ಬುವಾ ಮೇಲಿನ ಷಡ್ಜ ಮುಟ್ಟಿ, ಅಲ್ಲಿ ಇಲ್ಲಿ ತೂಗಾಡಿ, ಇಳಿಯತೊಡಗಿದರು. ಗೋದಾವರಿಯ ಕುತ್ತಿಗೆಯ ನರ ಬಿಗಿಯಿತು. ತುಟಿ ಕೂಡಿದವು, ತೆರೆದವು. ಸಂಕ್ರಾಂತಿಯಿಂದ ಒಂದಕ್ಷರ ಹುಟ್ಟದ ಆ ಬಾಯಿಂದ, ಸಮ್ ಬೀಳುವ ಹೊತ್ತಿಗೆ ಸರಿಯಾಗಿ, “ಭ...” ಎಂದು ಒಂದು ದನಿ ಹೊರಟಿತು. ಮೂವರಿಗೂ ಕೇಳಿಸಿತು.

“ಶ್! ಸುಮ್ಮನ ಕೂಡ!” ಎಂದಿತು ಸ್ಪೀಕರು.

ಬಾಯಿ ಮುಚ್ಚಿತು. ಎಡಗೈ ತಾಳ ಬಿಟ್ಟು ಸೆರಗು ಹುಡುಕಿತು. ಚುಂಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡು ಗೋದಾವರಿ ಗಂಡನ ಕಡೆ ನೋಡಿದಳು. ತಪ್ಪಾಯಿತು ಎನ್ನುವಾಗ ನೋಡುತ್ತಿದ್ದ ಹಾಗೆಯೇ ನೋಡಿದಳು.

ರಘೋತ್ತಮ ಹಾಡು ನಿಲ್ಲಿಸಿ ಮಂಚದ ಬಳಿ ಬಂದು ಕೂತ. “ಅಲ್ಲ ಗೋದಾ, ಅದು ಆವಾಗಿಂದು. ಈಗ ಅನ್ನು. ಬಂದಿತ್ತಲ್ಲ, ಅನ್ನು. ಜೋರಾಗಿ ಅನ್ನು, ನಾ ಏನೂ ಅನ್ನೂದಿಲ್ಲ,” ಎಂದು ಗಟ್ಟಿಯಾಗಿ ಅಳತೊಡಗಿದ. ಅವಳ ಕೈಯಿಂದ ಸೆರಗು ಬಿಡಿಸಲು ಹೋದ.

ಗೋದಾವರಿ ತಾನೇ ಸೆರಗು ಬಿಟ್ಟಳು. ಎಡಗೈ ಎತ್ತಿ ಮೇಜಿನ ಮೇಲಿದ್ದ ರೆಕಾರ್ಡರನ್ನು, ಇನ್ನೂ ಉರಿಯುತ್ತಿದ್ದ ಅದರ ಕೆಂಪು ದೀಪವನ್ನು ತೋರಿಸಿದಳು. ಆಮೇಲೆ ಅದೇ ಬೆರಳನ್ನು ತುಟಿಗೆ ಅಡ್ಡ ಇಟ್ಟುಕೊಂಡು, ಅಳುತ್ತಿದ್ದ ಗಂಡನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು.